ಎಡಕ್ಕೆ ಎಳೆಯುವ ಜಾಯ್‌ಸ್ಟಿಕ್

ಇಲ್ಗಿಜನ ಜಾಯ್‌ಸ್ಟಿಕ್ಕಿಗೆ ಎಡಕ್ಕೆ ಎಳೆಯುವ ರೋಗ ಹತ್ತಿತ್ತು. ಗುಬುಟಿನ ಮೇಲೆ ಬೆರಳೇ ಇಡದಿದ್ದರೂ ಕಂಪ್ಯೂಟರಿನೊಳಗಿನ ಫುಟ್‌ಬಾಲ್ ಆಟಗಾರ ತನ್ನಷ್ಟಕ್ಕೆ ತಾನು ಎಡಕ್ಕೆ ನಡೆದು ಗೆರೆ ದಾಟಿ ಹೋಗಿಬಿಡುತ್ತಿದ್ದ. ಹುಡುಗ ಹಲ್ಲು ಕಚ್ಚಿ ಅವನನ್ನು ಬಲಕ್ಕೆ ಒತ್ತಿ ಹಿಡಿದೇ ಆಡಬೇಕು. ಅಂಗೈಯಗಲದ ಈ ಪ್ಲಾಸ್ಟಿಕ್ ಸಾಮಾನು ಮನೆ ಮಂದಿಯ ಮುಖ ಆ ಕಡೆ ಈ ಕಡೆ ತಿರುಗಿಸೀತೆಂದು ಟೋಕ್ಮೋಕ್ ಊರಿನ ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ಮಾತು ಶುರುವಾದದ್ದು ರಾತ್ರಿ ಊಟಕ್ಕೆ ಕೂತಾಗ. ಅಂದು ಲಗ್ಮಾನ್ ಮಾಡಿದ್ದರು, ಕೈಯಲ್ಲೇ ಎಳೆದ ಉದ್ದನೆಯ ಶಾವಿಗೆ, ಮೇಲೆ ಕುರಿಮಾಂಸದ ಸಾರು. ಮಾಡಿದ್ದರು ಅಂದರೆ ಜಿಪಾರಾ ಮಾಡಿದ್ದಳು. ಹೊಲಿಗೆ ಕಾರ್ಖಾನೆಯಿಂದ ಬಂದವಳು ಕೋಟು ಬಿಚ್ಚಿ ಸೀದಾ ಹಿಟ್ಟಿಗೆ ಕೈ ಹಾಕಿದ್ದಳು. ಗೋಡೆಗೆ ಪೇರಿಸಿಟ್ಟ ರಜಾಯಿಗಳ ಮುಂದೆ, ಹಿರಿಯರ ಜಾಗದಲ್ಲಿ, ಅತ್ತೆ ಸಾಯ್ರಾಕಾನ್ ಕೂತಿದ್ದಳು. ಅವಳ ಮಗ್ಗುಲಿಗೆ ಹದಿನೇಳರ ಇಲ್ಗಿಜ್. ಎದುರಿಗೆ, ದಿನವೆಲ್ಲ ಮಿನಿಬಸ್ಸು ಓಡಿಸಿ ಸುಸ್ತಾಗಿದ್ದ ಜಿಪಾರಾಳ ಗಂಡ ತಾಲಾಯ್, ಅವನಿಗೆ ಒರಗಿಕೊಂಡು ಎಂಟು ವರ್ಷದ ಮಗಳು ಬೆಗಾಯ್. ಬಾಗಿಲ ಹತ್ತಿರ, ಚಹಾದ ಕೆಟಲಿನ ಪಕ್ಕ, ಸೊಸೆಯಾದವಳು ಕೂರುವಲ್ಲಿ ಜಿಪಾರಾ.

"ಅವ್ವಾ, ನಂಗೊಂದು ಹೊಸ ಜಾಯ್‌ಸ್ಟಿಕ್ ಬೇಕು," ಅಂದ ಇಲ್ಗಿಜ್. "ಬರೋ ತಿಂಗಳು ಕಂಪ್ಯೂಟರ್ ಕ್ಲಬ್ಬಲ್ಲಿ ಪಂದ್ಯ ಇದೆ. ಮೊದಲು ಬಂದೋರಿಗೆ ಟಗರು ಕೊಡ್ತಾರೆ."

"ಟಗರಾ?" ಮುದುಕಿ ಬಟ್ಟಲು ಕೆಳಗಿಟ್ಟಳು. "ಕುರ್ಚಿ ಮೇಲೆ ಕೂತು ಆಡೋ ಆಟಕ್ಕೆ ಟಗರಾ? ಒಂದು ಟಗರಿಗೋಸ್ಕರ ನಿಮ್ಮಪ್ಪ ಕುದುರೆಯಿಂದ ಬಿದ್ದು ಪಕ್ಕೆ ಮುರ್ಕೊಂಡಿದ್ರು ಕಣೋ!"

ನಿಮ್ಮಪ್ಪ ಅಂದರೆ ತೀರಿಹೋದ ಮುದುಕ. ಇಲ್ಗಿಜನನ್ನು ಹುಟ್ಟಿಸಿದ ಅಪ್ಪ ಎದುರಿಗೇ ಕೂತು ಶಾವಿಗೆ ಹೀರುತ್ತಿದ್ದ. ಹೆತ್ತವಳು ಬಾಗಿಲ ಬಳಿ ಚಹಾ ಬಗ್ಗಿಸುತ್ತಿದ್ದಳು. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುವುದು ಅಲ್ಲಿ ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದದ್ದು. ಹಾಕಿದ ಮೇಲೆ ಮಗು ಅವರದೇ. ನಲವತ್ತು ದಿನ ತುಂಬಿದ ಹಬ್ಬದಲ್ಲಿ ಸಾಯ್ರಾಕಾನ್ ಕೂಸನ್ನು ತನ್ನ ಅಂಗಿಯ ಕೊರಳಿನಿಂದ ಒಳಗಿಳಿಸಿ, ಕೆಳಗಿನ ಅಂಚಿನಿಂದ ಹೊರತೆಗೆದು, "ಇವನನ್ನ ನಾನು ಹೆತ್ತೆ" ಅಂದಿದ್ದಳು. ನೆಂಟರೆಲ್ಲ ಅಂಗೈ ಎತ್ತಿ ಹರಸಿದರು. ಇಪ್ಪತ್ತರ ಜಿಪಾರಾಳೂ ನಕ್ಕಿದ್ದಳು, ನನಗಿನ್ನೂ ಎಷ್ಟೋ ಆಗುತ್ತವೆ ಅಂದುಕೊಂಡು. ಆಮೇಲೆ ಒಂಬತ್ತು ವರ್ಷ ಅವಳ ಮಡಿಲು ತುಂಬಲಿಲ್ಲ. ಬೆಗಾಯ್ ಹುಟ್ಟುವಷ್ಟರಲ್ಲಿ ಇಲ್ಗಿಜ್ ಶಾಲೆಯ ಚೀಲ ಹೊತ್ತು ತಿರುಗುತ್ತಿದ್ದ.

ಅವನಿಗೆ ಅಜ್ಜಿಯೇ ಅವ್ವ, ಅಪ್ಪ ಅಣ್ಣ, ಅಮ್ಮ ಅತ್ತಿಗೆ. ನಿಜ ಗೊತ್ತಿಲ್ಲದವರು ಓಣಿಯಲ್ಲಿ ಯಾರಿದ್ದಾರೆ? ಅವನಿಗೂ ಗೊತ್ತು. ಬಾಯಿಬಿಟ್ಟು ಆಡುವುದಿಲ್ಲ ಅಷ್ಟೆ. ನೆಗಡಿಯಾದರೆ ಅವ್ವ, ಅಂಗಿ ಹರಿದರೆ ಅವ್ವ. ಹರಿದ ಅಂಗಿ ಅವ್ವನ ಕೈಯಿಂದ ಜಿಪಾರಾಳಿಗೆ ಬಂದು, ಹೊಲಿಸಿಕೊಂಡು, ಅವ್ವನ ಕೈಯಿಂದಲೇ ಅವನಿಗೆ ವಾಪಸು ಹೋಗುತ್ತಿತ್ತು. ಅವನು ಹುಟ್ಟಿದಾಗಿನಿಂದ ಜಿಪಾರಾಳನ್ನು ನೇರವಾಗಿ ಏನೊಂದನ್ನೂ ಕೇಳಿದವನಲ್ಲ. ಒಂದು ಸಲ, ಒಂದೇ ಸಲ, ಇವನು ನನ್ನನ್ನು ಏನಾದರೂ ಕೇಳಲಿ ಎಂದು ಅವಳು ಬಾಯಿ ಬಿಡದೆ ಕಾದಿದ್ದಳು. ಕಾದು ಕಾದು ಅವಳ ನಾಲಿಗೆ ಚುರುಕಾಗಿತ್ತು, ಸೊಂಟ ಹಿಡಿದುಕೊಂಡಿತ್ತು.

"ಇರೋದನ್ನ ರಿಪೇರಿ ಮಾಡ್ಸೋ," ಅಂದ ತಾಲಾಯ್.

"ರಿಪೇರಿ ಅಂಗಡಿ ಸ್ಲಾವಾ ಹತ್ರ ಮಾಡ್ಸಿದ್ದೆ ಅಣ್ಣ. ಸ್ಪಿರಿಟ್ ಹಾಕಿ ತೊಳ್ದು ಕೊಟ್ಟ. ವಾರಕ್ಕೆ ಆಟಗಾರ ಮತ್ತೆ ಎಡಕ್ಕೆ ಹೊರಟ."

"ಹಂಗಾದ್ರೆ ಆಟ ಬಿಟ್ಟು ಓದು. ಪರೀಕ್ಷೆ ತಲೆ ಮೇಲೆ ಬಂತು."

"ನನ್ನ ಮಗನಿಗೆ ನೀನು ಬುದ್ಧಿ ಹೇಳ್ಬೇಡ," ಅಂದಳು ಸಾಯ್ರಾಕಾನ್. "ನೀನು ಓದಿ ಯಾವ ಮಂತ್ರಿಯಾದೆ? ಬಸ್ಸು ತಾನೇ ಓಡಿಸ್ತಿರೋದು."

ಬೆಗಾಯ್ ಕಿಸಕ್ಕನೆ ನಕ್ಕಳು. ತಾಲಾಯ್ ಅವಳ ತಲೆಗೆ ಮೆಲ್ಲಗೆ ಮೊಟಕಿದ.

"ಈಗ ಅಯಸ್ಕಾಂತ ಇರೋದು ಬಂದಿದೆ ಅವ್ವಾ," ಅಂದ ಇಲ್ಗಿಜ್. "ಅದು ಸವೆಯೋದೇ ಇಲ್ಲ."

"ಸವೆಯಲ್ಲ ಅಂದ್ರೆ ಹೇಗೆ?" ಅಂದುಬಿಟ್ಟಳು ಜಿಪಾರಾ.

ಎಲ್ಲರೂ ಅವಳ ಕಡೆ ತಿರುಗಿದರು. ಇಲ್ಗಿಜ್ ಉತ್ತರ ಕೊಡಲು ಬಾಯಿ ತೆರೆದಿದ್ದ.

"ಚಹಾ ತಣ್ಣಗಾಯ್ತು ಕಣೆ," ಅಂದಳು ಅತ್ತೆ. ಜಿಪಾರಾ ಎದ್ದು ಕೆಟಲು ಬಿಸಿಗಿಟ್ಟಳು.

ಪಿಂಚಣಿ ಬಂದ ಮರುದಿನ ಮುದುಕಿ ಯಾರಿಗೂ ಹೇಳದೆ ತಲೆವಸ್ತ್ರ ಕಟ್ಟಿಕೊಂಡು ಬಜಾರಿಗೆ ಹೋದಳು. ಮಂಡಿನೋವಿನವಳು ಬಸ್ಸಿನಲ್ಲಿ ನಿಂತೇ ಹೋಗಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದೀಪ ಮಿನುಗುತ್ತಿದ್ದ ಜಾಯ್‌ಸ್ಟಿಕ್ಕನ್ನು ಆರಿಸಿ ತಂದಳು. ಕೆಂಪು, ಹಸಿರು, ನೀಲಿ, ಮದುವೆ ಮನೆಯ ಹಾಗೆ ಝಗಝಗ.

"ಇದರಂಥದ್ದು ಊರಲ್ಲಿಲ್ಲ ಅಂದ ಅಂಗಡಿಯೋನು. ತಗೋ ನನ್ನ ಕುದುರೆಮರಿ, ಟಗರು ಹೊಡ್ಕೊಂಡು ಬಾ."

ಇಲ್ಗಿಜ್ ಅವಳ ಹಣೆಗೆ ಮುತ್ತಿಟ್ಟ. "ತುಂಬ ಚೆನ್ನಾಗಿದೆ ಅವ್ವಾ," ಅಂದ.

ಚೆನ್ನಾಗಿರಲಿಲ್ಲ. ಗುಂಡಿ ಒತ್ತಿದರೆ ಅದು ಯೋಚನೆ ಮಾಡಿ, ಆಮೇಲೆ ಚೆಂಡು ಒದೆಯುತ್ತಿತ್ತು. ಅಷ್ಟರಲ್ಲಿ ಎದುರಾಳಿ ಗೋಲು ಹೊಡೆದಿರುತ್ತಿದ್ದ. ಬಟ್ಟೆ ಇಸ್ತ್ರಿ ಮಾಡುತ್ತ ಜಿಪಾರಾ ಎಲ್ಲ ನೋಡಿದಳು. ಮುದುಕಿ ಹೆಣಿಗೆ ಹಿಡಿದು ಬೆನ್ನ ಹಿಂದೆ ಕೂತಾಗ ಹುಡುಗ ದೀಪದ್ದರಲ್ಲಿ ಆಡಿ ಸೋಲುತ್ತಿದ್ದ. ಅವಳು ಪಕ್ಕದ ಮನೆಗೆ ಹೋದಳೋ, ದಿಂಬಿನಡಿಯಿಂದ ಹಳೆಯದು ಹೊರಗೆ ಬರುತ್ತಿತ್ತು.

"ಅಜ್ಜಿ ಕೊಟ್ಟಿದ್ದು ಹಬ್ಬದ ಅಂಗಿ, ಹಳೇದು ಮನೆ ಅಂಗಿ," ಅಂದಳು ಬೆಗಾಯ್.

"ನಿನ್ನ ಬಾಯಿಗೆ ಬೀಗ ಹಾಕ್ತೀನಿ," ಅಂದ ಇಲ್ಗಿಜ್. ಆದರೆ ನಗುತ್ತಿದ್ದ.

ಜಿಪಾರಾಳಿಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ ಹೇಳಬೇಕೆಂದರೆ. ಕೆಟ್ಟ ಸಾಮಾನು ಕೊಟ್ಟವಳ ಮನಸ್ಸು ಕಾಯಲು ಹುಡುಗ ಇಷ್ಟು ಪಾಡು ಪಡುತ್ತಾನಲ್ಲ, ಒಳ್ಳೆಯದನ್ನೇ ಕೊಟ್ಟವಳ ಮೇಲೆ ಇನ್ನೆಷ್ಟು ಪ್ರೀತಿ ಇಟ್ಟಾನು? ಹಾಗಂತ ಲೆಕ್ಕ ಹಾಕಿದಳು. ಆ ಲೆಕ್ಕ ತಪ್ಪು ಅಂತ ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಮೂರು ವಾರ ಅವಳು ಕಾರ್ಖಾನೆಯಲ್ಲಿ ಹೆಚ್ಚಿನ ಹೊತ್ತು ಕೂತು ಶಾಲೆಯ ಮಕ್ಕಳ ಕೋಟಿಗೆ ತೋಳು ಹಚ್ಚಿದಳು. ಮನೆಗೆ ತಡವಾಗಿ ಬಂದು ಆಲೂಗಡ್ಡೆ ಹುರಿದು ಬಡಿಸಿದಳು.

"ದಿನಾ ಆಲೂಗಡ್ಡೆ," ಅಂದಳು ಅತ್ತೆ. "ಹಿಟ್ಟು ನಾದೋಕೆ ಈ ಮನೇಲಿ ಕೈ ಇಲ್ವಾ?"

"ಕೈ ಕೆಲಸಕ್ಕೆ ಹೋಗಿದೆ ಅತ್ತೆ," ಅಂದಳು ಜಿಪಾರಾ. ತಾಲಾಯ್ ಕಣ್ಣು ಬಿಟ್ಟ. ಅವಳು ತಲೆ ತಗ್ಗಿಸಿ ಬ್ರೆಡ್ಡು ಮುರಿದಳು.

ಭಾನುವಾರ ದಾರ ಮತ್ತು ಜಿಪ್ಪು ತರುವ ನೆಪದಲ್ಲಿ ಬೆಗಾಯಳನ್ನು ಕರೆದುಕೊಂಡು ಬಿಷ್ಕೆಕಿಗೆ ಹೋದಳು. ಕಂಪ್ಯೂಟರ್ ಸಾಮಾನಿನ ಅಂಗಡಿಯ ಹುಡುಗ ಮೊದಲು ಅವಳ ಕೋಟು ನೋಡಿ ಮಾತು ಕಡಿಮೆ ಮಾಡಿದ. ಅವಳು ಬಿಡಲಿಲ್ಲ.

"ಸವೆಯಲ್ಲ ಅಂತಾರಲ್ಲ, ಹೇಗೆ?"

"ಸಾಮಾನ್ಯದ್ರಲ್ಲಿ ಒಳಗೆ ಒಂದಕ್ಕೊಂದು ಉಜ್ಜುತ್ತೆ ಅಕ್ಕ. ಉಜ್ಜಿ ಉಜ್ಜಿ ಸವೆದು ಹೋಗುತ್ತೆ, ಆಗ ತಾನೇ ಸರಿಯೋಕೆ ಶುರು. ಇದ್ರಲ್ಲಿ ಅಯಸ್ಕಾಂತ. ಒಂದು ಇನ್ನೊಂದನ್ನ ಮುಟ್ಟೋದೇ ಇಲ್ಲ, ದೂರದಿಂದ್ಲೇ ಗೊತ್ತಾಗುತ್ತೆ."

"ಮುಟ್ಟದೇನೇ?"

"ಮುಟ್ಟದೇನೇ."

ಅವಳು ಗುಬುಟನ್ನು ತಿರುಗಿಸಿ ನೋಡಿದಳು. ಬಿಟ್ಟ ಕೂಡಲೇ ಅದು ನಡುವಿಗೆ ಬಂದು ನಿಲ್ಲುತ್ತಿತ್ತು. ಹಿಂಬದಿಗೂ ಗುಂಡಿಯಿದ್ದ ದುಬಾರಿಯದನ್ನು ಹುಡುಗ ತೋರಿಸಿದ. ಫುಟ್‌ಬಾಲಿಗೆ ಅದು ಬೇಕಾ ಎಂದಳು. ಅಷ್ಟೇನೂ ಬೇಡ ಎಂದು ಅವನು ಒಪ್ಪಿಕೊಂಡ. ತಂತಿ ಇರುವುದೋ ಇಲ್ಲದ್ದೋ? ತಂತಿಯದಾದರೆ ತಡವಾಗುವುದಿಲ್ಲ. ಹಾಗಾದರೆ ತಂತಿಯದೇ. ಕೊನೆಗೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಗಿಜನ ಕೈ ಎಷ್ಟು ದೊಡ್ಡದು ಎಂದು ನೆನಪು ಮಾಡಿಕೊಂಡಳು. ಅವನ ಕೈ ಅವಳ ತಂದೆಯ ಕೈ, ಅಗಲ, ಗಿಡ್ಡ ಹೆಬ್ಬೆರಳು. ಆ ಮನೆಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ.

"ಸ್ವಲ್ಪ ದಪ್ಪಗಿರೋದು ಕೊಡಪ್ಪ," ಅಂದಳು.

ವಾಪಸು ತಾಲಾಯನ ಬಸ್ಸಿನಲ್ಲೇ ಬಂದರು. ಕೊನೆಯ ಪ್ರಯಾಣಿಕ ಇಳಿದ ಮೇಲೆ ಅವಳು ಡಬ್ಬಿ ತೋರಿಸಿದಳು. ಅವನು ಬಸ್ಸು ಪಕ್ಕಕ್ಕೆ ನಿಲ್ಲಿಸಿದ.

"ಒಳ್ಳೇದಾಯ್ತು. ಅವ್ವನ ಕೈಗೆ ಕೊಡು. ಅವ್ವ ಅವನಿಗೆ ಕೊಡ್ಲಿ."

"ಇದನ್ನ ನಾನೇ ಕೊಡ್ತೀನಿ."

"ಜಿಪಾರಾ, ಹುಚ್ಚು ಹಿಡೀತಾ? ಹತ್ತು ಜನ ಹಿರಿಯರ ಎದುರಿಗೆ ಕೊಟ್ಟಿದ್ದೀವಿ. ಕೊಟ್ಟ ಮೇಲೆ ಕೊಟ್ಟ ಹಾಗೆ."

"ಕೂಸನ್ನ ಕೊಟ್ಟೆ. ಮಾತೂ ಕೊಟ್ಟಿದ್ನಾ? ನನ್ನ ಕೈಯಿಂದ ಅವನು ಒಂದು ಸಾಮಾನು ಇಸ್ಕೋಬಾರ್ದು ಅಂತ ಯಾವ ಹಿರಿಯ ಹೇಳ್ದ?"

"ಅವ್ವನಿಗೆ ಎಪ್ಪತ್ತೊಂದು. ಇನ್ನೆಷ್ಟು ದಿನ? ಅಲ್ಲೀವರೆಗೆ ತಡ್ಕೋ."

"ನಿಮ್ಮವ್ವ ಸಾಯೋದನ್ನ ಕಾಯ್ಕೊಂಡಿರು ಅಂತೀಯಲ್ಲ, ಎಂಥಾ ಮಗ ನೀನು!"

ತಾಲಾಯ್ ಗೇರು ಹಾಕಿದ. ಹಿಂದಿನ ಸೀಟಿನಲ್ಲಿ ಬೆಗಾಯ್ ಜಿಪ್ಪಿನ ಪೊಟ್ಟಣ ತಬ್ಬಿಕೊಂಡು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದಳು.

ಮನೆಗೆ ಬಂದ ಸಾಮಾನು ಯಾವುದೇ ಆಗಲಿ, ಮೊದಲು ಹಿರಿಯರ ಕೈಗೆ ಹೋಗಬೇಕು. ಅವರು ಹರಸಿ ಹಂಚಬೇಕು. ಜಿಪಾರಾ ಮದುವೆಯಾಗಿ ಬಂದಾಗಿನಿಂದ ಸಂಬಳದಲ್ಲಿ ತಂದ ಸಕ್ಕರೆಯಿಂದ ಹಿಡಿದು ಬೆಗಾಯಳ ಚಡ್ಡಿಯವರೆಗೆ ಹಾಗೇ ಮಾಡಿದ್ದಳು. ಆವತ್ತು ಮಾಡಲಿಲ್ಲ. ಮುದುಕಿ ಅಂಗಳದಲ್ಲಿ ನೆರೆಯವಳ ಜೊತೆ ಮಾತಿಗೆ ನಿಂತಿದ್ದಾಗ ಪಕ್ಕದಿಂದ ಸರಿದು ಒಳಗೆ ಹೋಗಿ ಇಲ್ಗಿಜನ ಮುಂದೆ ಡಬ್ಬಿ ಇಟ್ಟಳು.

"ಇದು ನಿಂಗೆ."

ಹುಡುಗ ಡಬ್ಬಿಯ ಮೇಲಿನ ಬರಹ ಓದಿದ. ಅವನ ಕಿವಿ ಕೆಂಪಾಯಿತು. "ಅತ್ತಿಗೆ, ಇದು... ಇದನ್ನ ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ನಾನೇ ಆರಿಸ್ದೆ. ಅಯಸ್ಕಾಂತದ್ದು. ಹಿಂದಿನ ಗುಂಡಿ ಇರೋದು ಬೇಡ ಅಂದೆ, ಫುಟ್‌ಬಾಲಿಗೆ ದಂಡ. ಸರಿಯಾಯ್ತಾ?"

"ಸರಿಯಾಯ್ತಾ ಅಂದ್ರೆ!" ತಂತಿ ಚುಚ್ಚಿ ಆಟ ಹಚ್ಚಿದ. ಬೆರಳು ತೆಗೆದ. ಹುಲ್ಲಿನ ನಡುವೆ ಆಟಗಾರ ಅಲ್ಲಾಡದೆ ನಿಂತ. "ನೋಡಿ ಅತ್ತಿಗೆ, ನಿಂತಿದ್ದಾನೆ ನೋಡಿ!"

"ಕಾಣ್ತಿದೆಯಪ್ಪ, ಗೂಟ ಹೊಡೆದ ಹಾಗೆ ನಿಂತಿದ್ದಾನೆ."

ಅವನು ಗಟ್ಟಿಯಾಗಿ ನಕ್ಕ. ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಹೇಗೆ ತಿರುಗಿಸುವುದು, ಯಾವುದಕ್ಕೆ ಯಾವ ಗುಂಡಿ ಎಂದು ಅವನು ಹೇಳಿಕೊಡುತ್ತಾ ಹೋದ. ಅವಳ ಹೆಬ್ಬೆರಳನ್ನು ಹಿಡಿದು ಗುಬುಟಿನ ಮೇಲೆ ಇಟ್ಟ. ಅಷ್ಟು ಹೊತ್ತು ಅವಳಂಥ ಸುಖಿ ಟೋಕ್ಮೋಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಕಾಲು ಗಂಟೆ ಇದ್ದಿರಬಹುದು.

ಸಾಯ್ರಾಕಾನ್ ಒಳಗೆ ಬಂದವಳು ಮೊದಲು ಕಂಡದ್ದು ಕಿಟಕಿಯ ಗೂಡಿನಲ್ಲಿ ಒಬ್ಬಂಟಿಯಾಗಿ ಬಿದ್ದಿದ್ದ ದೀಪದ ಜಾಯ್‌ಸ್ಟಿಕ್ಕನ್ನು. ಆಮೇಲೆ ಇಬ್ಬರನ್ನೂ.

"ಇದೇನು ಇದು?"

"ಅತ್ತಿಗೆ ತಂದ್ರು ಅವ್ವಾ."

"ನಾನು ತಂದದ್ದಕ್ಕೆ ಏನಾಗಿತ್ತು?"

ಇಲ್ಗಿಜ್ ಉತ್ತರ ಹುಡುಕುತ್ತಿದ್ದ. ಜಿಪಾರಾ ಹುಡುಕಲಿಲ್ಲ. "ಅದು ಚೆನ್ನಾಗಿಲ್ಲ ಅತ್ತೆ. ನೀವು ಇದ್ದಾಗ ಮಾತ್ರ ಅದ್ರಲ್ಲಿ ಆಡ್ತಾನೆ. ನೀವು ಆಚೆ ಹೋದ್ರೆ ಹಳೇದೇ ತೆಗೀತಾನೆ."

ಹೇಳಬಾರದಿತ್ತು. ಮುದುಕಿಯ ಮುಖ ಸಪ್ಪಗಾಯಿತು. "ಹೌದಾ ನನ್ನ ಕುದುರೆಮರಿ?" ಎಂದು ಹುಡುಗನನ್ನು ಕೇಳಿದಳು. ಅವನು ನೆಲ ನೋಡಿದ.

"ಮನೆಗೆ ಬಂದ ಸಾಮಾನು ನಂಗೆ ತೋರಿಸ್ದೆ ಒಳಗೆ ತಂದೆ," ಸೊಸೆಯ ಕಡೆ ತಿರುಗಿದಳು. "ನನ್ನ ಮಗನ ಎದುರಿಗೆ ನನ್ನ ಮಾನ ಕಳೆದೆ. ಇಷ್ಟು ವರ್ಷ ಬಟ್ಟಲು ತುಂಬಾ ಉಂಡೆಯಲ್ಲ, ಅದಕ್ಕೆ ಇದಾ?"

"ಉಂಡದ್ದು ನಾನೇ ಬೇಯಿಸಿದ್ದು!" ಜಿಪಾರಾ ಎದ್ದು ನಿಂತಳು. "ನಿಮ್ಮ ಮಗ ನಿಮ್ಮ ಮಗ ಅಂತೀರಲ್ಲ, ಅವನನ್ನ ಹೆತ್ತೋಳು ನಾನು. ಹೆತ್ತೋಳು ಒಂದು ಆಟದ ಸಾಮಾನು ಕೊಡಬಾರ್ದಾ?"

ಆ ಮನೆಯಲ್ಲಿ ಯಾರೂ ಆ ಮಾತನ್ನು ಅದುವರೆಗೆ ಆಡಿರಲಿಲ್ಲ. ಬಾಗಿಲಲ್ಲಿ ತಾಲಾಯ್ ಬಂದು ನಿಂತಿದ್ದ. ಬೆಗಾಯ್ ಅವನ ಕೈ ಹಿಡಿದುಕೊಂಡಳು.

ಸಾಯ್ರಾಕಾನ್ ಮೆಲ್ಲಗೆ ನೆಲದ ಮೇಲೆ ಕೂತಳು. "ಸರಿ. ಅವನಿಗೆ ಹದಿನೇಳಾಗಿದೆ, ಅವನೇ ಹೇಳ್ಲಿ. ಹೇಳಪ್ಪ, ನಾನು ನಿಂಗೆ ಏನಾಗ್ಬೇಕು?"

ಇಲ್ಗಿಜ್ ಜಾಯ್‌ಸ್ಟಿಕ್ಕಿನ ತಂತಿ ಕಳಚಿದ. ಬಂದಿದ್ದಂತೆಯೇ ಸುತ್ತಿ ಡಬ್ಬಿಯೊಳಗಿಟ್ಟು, ಮುಚ್ಚಳ ಮಡಿಸಿ, ಎರಡೂ ಕೈಯಲ್ಲಿ ಜಿಪಾರಾಳ ಮುಂದೆ ಹಿಡಿದ. ಅತಿಥಿಗೆ ಬಟ್ಟಲು ಕೊಡುವಷ್ಟು ಮರ್ಯಾದೆಯಿಂದ ಹಿಡಿದ.

"ಇಸ್ಕೊಳ್ಳಿ ಅತ್ತಿಗೆ. ನಂಗೆ ಬೇಡ."

ಕಿಟಕಿಯ ಗೂಡಿನಿಂದ ದೀಪದ್ದನ್ನು ತೆಗೆದುಕೊಂಡು ಹೋಗಿ ಮುದುಕಿಯ ಪಕ್ಕ ಕೂತ. ಅವಳು ಅವನ ತಲೆ ಸವರುತ್ತಾ ಅಳುತ್ತಿದ್ದಳು. ಜಿಪಾರಾಳಿಗೆ ಅಳು ಬರಲಿಲ್ಲ. ಡಬ್ಬಿಯನ್ನು ಬೀರುವಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದಳು.

ಆಮೇಲಿನ ದಿನಗಳು ಹಾಗೇ ಹೋದವು. ಸೊಸೆ ಬೇಯಿಸಿದ್ದನ್ನು ಅತ್ತೆ ಮುಟ್ಟುತ್ತಿರಲಿಲ್ಲ. ಬ್ರೆಡ್ಡು, ಚಹಾ, ಒಂದಿಷ್ಟು ಬೆಣ್ಣೆ. ಇಲ್ಗಿಜ್ ತನ್ನ ಬಟ್ಟಲಿನಿಂದ ಮಾಂಸದ ಚೂರು ಎತ್ತಿ ಅವಳ ಬಾಯಿಗೆ ಹಿಡಿದರೆ ಮಾತ್ರ ತಿನ್ನುತ್ತಿದ್ದಳು. ಈಗ ಅವನು ದಿಂಬಿನಡಿಯ ಹಳೆಯದನ್ನೂ ತೆಗೆಯುತ್ತಿರಲಿಲ್ಲ. ಎಲ್ಲರೆದುರಿಗೂ, ಯಾರೂ ಇಲ್ಲದಾಗಲೂ, ದೀಪದ್ದರಲ್ಲೇ ಆಡಿ ಆಡಿ ಸೋಲುತ್ತಿದ್ದ.

"ವಾಪಸು ಕೊಟ್ಬಿಡೋಣ," ಅಂದ ತಾಲಾಯ್. "ಅಂಗಡಿಯೋನು ತಗೋತಾನೆ."

"ಪಂದ್ಯ ಮುಗೀಲಿ," ಅಂದಳು ಜಿಪಾರಾ. ಪಂದ್ಯದ ದಿನ ಬುದ್ಧಿ ಬರುತ್ತದೆ, ಟಗರಿನ ಆಸೆಗಾದರೂ ಡಬ್ಬಿ ಇಳಿಸುತ್ತಾನೆ ಎಂದು ಅವಳಿಗೆ ಇನ್ನೂ ನಂಬಿಕೆಯಿತ್ತು. ಕೈಗೆ ಎಟುಕಲಿ ಎಂದು ಡಬ್ಬಿಯನ್ನು ಬೀರುವಿನ ಅಂಚಿಗೆ ಎಳೆದಿಟ್ಟಳು.

ಪಂದ್ಯದ ದಿನ ಅವನು ದೀಪದ್ದನ್ನು ಕೋಟಿನ ಜೇಬಿಗೆ ತುರುಕಿಕೊಂಡ. ಮುದುಕಿ ಅಂಗೈ ಎತ್ತಿ ಹರಸಿದಳು. ನಾನೂ ಬರ್ತೀನಿ ಎಂದು ಬೆಗಾಯ್ ಹಠ ಹಿಡಿದದ್ದರಿಂದ ಅವಳನ್ನೂ ಕರೆದುಕೊಂಡು ಹೋದ. ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ.

ಬೇಗನೇ ಬಂದರು, ಮಧ್ಯಾಹ್ನದ ಚಹಾಕ್ಕೂ ಮೊದಲು. ಅಂಗಳದಿಂದಲೇ ಬೆಗಾಯ್ ಅಡುಗೆಮನೆಯ ಬಾಗಿಲಿಗೆ ಓಡಿ ಬಂದು ಪಿಸುಗುಟ್ಟಿದಳು.

"ಅಮ್ಮಾ, ಮೊದಲ್ನೇದ್ರಲ್ಲೇ ಸೋತ. ಐದು ಸೊನ್ನೆ. ಎಲ್ರೂ ನಕ್ಕರು. ಕ್ರಿಸ್ಮಸ್ ಮರ ತಂದಿದ್ದಾನೆ ಅಂದ್ರು, ಆ ದೀಪ ನೋಡಿ. ಬೇರೆ ಯಾರದ್ದಾದ್ರೂ ಇಸ್ಕೊಂಡು ಆಡು ಅಂದ ಕ್ಲಬ್ಬಿನೋನು. ಇವನು ಬೇಡ ಅಂದ."

ಒಳಗೆ ಮುದುಕಿ ಕೂಗುತ್ತಿದ್ದಳು: "ಏನಾಯ್ತು ನನ್ನ ಕುದುರೆಮರಿ? ಟಗರೆಲ್ಲಿ?"

"ಟಗರು ಮೊದಲು ಬಂದೋರಿಗೆ ಅವ್ವಾ. ನಾನು ಎರಡು ಸುತ್ತು ಗೆದ್ದೆ." ಇಲ್ಗಿಜ್ ತಡವರಿಸದೆ ಅಂದ. "ನೀನು ಕೊಟ್ಟಿದ್ದು ಒಳ್ಳೇ ಸಾಮಾನು. ಅದ್ರಿಂದಾನೇ ಗೆದ್ದೆ."

"ಕೇಳ್ದ್ಯಾ!" ಸಾಯ್ರಾಕಾನ್ ಯಾರನ್ನು ಉದ್ದೇಶಿಸಿ ಅಂದಳೆಂದು ಇಡೀ ಮನೆಗೆ ತಿಳಿಯಿತು. ಆ ಜಗಳದ ದಿನದಿಂದ ಸೊಸೆಯನ್ನು ಹೆಸರು ಹಿಡಿದು ಕರೆಯದಿದ್ದವಳು ಆವತ್ತು ಕರೆದಳು. "ಜಿಪಾರಾ! ಎಣ್ಣೆ ಕಾಯಿಸು. ಬೋರ್ಸೋಕ್ ಕರಿ. ಓಣಿಯೋರೆಲ್ಲ ಬರ್ಲಿ, ನನ್ನ ಮಗ ಗೆದ್ದು ಬಂದಿದ್ದಾನೆ!"

ಜಿಪಾರಾ ಹಿಟ್ಟು ನಾದಿ, ಲಟ್ಟಿಸಿ, ಚೂರು ಚೂರು ಕತ್ತರಿಸಿ ಎಣ್ಣೆಗೆ ಬಿಟ್ಟಳು. ಚೂರುಗಳು ಉಬ್ಬಿ ಮೇಲೆ ಬಂದವು. ನೆರೆಯವರು ಒಬ್ಬೊಬ್ಬರಾಗಿ ಬರತೊಡಗಿದರು. ಮುದುಕಿಯ ಬಾಯಲ್ಲಿ ಎರಡು ಸುತ್ತು ಮೂರಾಗುವುದಕ್ಕೆ ಹೊತ್ತಾಗಲಿಲ್ಲ. ಒಂದು ಮಾತು ಸಾಕಿತ್ತು. ಬಾಗಿಲಲ್ಲಿ ನಿಂತು ಐದು ಸೊನ್ನೆ ಅಂದರೆ ಮುಗಿಯಿತು, ಮುದುಕಿಯ ಹಬ್ಬ ಅಲ್ಲೇ ಬಿದ್ದುಹೋಗುತ್ತಿತ್ತು. ಆ ಮಾತು ಜಿಪಾರಾಳ ಹಲ್ಲಿನ ಹಿಂದೆಯೇ ಇತ್ತು.

"ಅತ್ತಿಗೆ."

ಇಲ್ಗಿಜ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. ಅವನು ಅಲ್ಲಿಗೆ ಬರುವವನಲ್ಲ.

"ಬೆಗಾಯ್ ನಿಮ್ಮ ಹತ್ರ ಹೇಳಿರ್ತಾಳೆ," ಅಂದ.

"ಹೇಳಿದ್ಲು."

"ಅವ್ವನಿಗೆ ಹೇಳ್ಬೇಡಿ. ಯಾವತ್ತೂ ಹೇಳ್ಬೇಡಿ." ಒಂದು ಹೆಜ್ಜೆ ಒಳಗೆ ಬಂದ. "ನಿಮ್ಮನ್ನ ಕೇಳ್ಕೋತೀನಿ ಅತ್ತಿಗೆ. ಇದೊಂದು ನಂಗೋಸ್ಕರ ಮಾಡಿ."

ಜಾಲರಿ ಸೌಟು ಹಿಡಿದ ಅವಳ ಕೈ ನಿಂತಿತು. ಅವನು ಕೇಳಿದ್ದ. ಇಷ್ಟು ವರ್ಷ ಕಾದದ್ದಕ್ಕೆ, ಅವಳ ಮಗ ಅವಳ ಎದುರಿಗೆ ಬಂದು ನಿಂತು, ಅವಳನ್ನೇ ಕೇಳಿದ್ದ.

"ಇಲ್ಲಪ್ಪ, ಹೇಳಲ್ಲ," ಅಂದಳು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಅಂದ ಅವನು. ತಟ್ಟೆ ತುಂಬಿದ್ದ ಬೋರ್ಸೋಕ್ ಎತ್ತಿಕೊಂಡು ಒಳಗೆ ಹೋದ. ನಗು, ಗಲಾಟೆ ಕೇಳಿಸಿತು. ಮುದುಕಿ ಮೊದಲ ತುಂಡನ್ನು ಅವನ ಬಾಯಿಗೇ ಇಟ್ಟಿರಬೇಕು.

"ಜಿಪಾರಾ, ಸಾಲಲ್ಲ ಕಣೆ, ಇನ್ನೂ ತಗೊಂಡು ಬಾ!"

"ಇಗೋ ತಂದೆ ಅತ್ತೆ," ಅಂದಳು ಜಿಪಾರಾ, ಉಳಿದ ಹಿಟ್ಟನ್ನು ಎಣ್ಣೆಗೆ ಬಿಡುತ್ತಾ. "ನಿಮ್ಮ ಮಗ ಗೆದ್ದದ್ದಕ್ಕೆ ಎಷ್ಟು ಬೇಕಾದ್ರೂ ಕರೀತೀನಿ."